ನಾಲ್ಕನೇ ಚಾನೆಲ್ಲಿನ ಕುಳ್ಳಮ್ಮ

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಯಕುಮಾರನ ರೆಕಾರ್ಡಿಂಗ್ ಕೋಣೆ. ತೊಂಬತ್ತೆಂಟರಲ್ಲಿ ಆ ಸುತ್ತಮುತ್ತ ಡಿಜಿಟಲ್ ಮಿಕ್ಸರ್ ಇದ್ದದ್ದು ಅವನೊಬ್ಬನ ಬಳಿ. ಎಂಟು ಮೈಕಿನ ದನಿಯನ್ನು ಅದು ಎಂಟು ಚಾನೆಲ್ಲುಗಳಲ್ಲಿ ಬೇರೆ ಬೇರೆ ಫೈಲು ಮಾಡಿ ತನ್ನೊಳಗಿನ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಯಾರು ಬಂದರೂ ಜಯಕುಮಾರ ಅದರ ಮೇಲಿನ ಬಟ್ಟೆ ಸರಿಸಿ ತೋರಿಸದೆ ಕಳಿಸುತ್ತಿರಲಿಲ್ಲ.

ಚಿನಕುರಳಿಯ ಕುಳ್ಳಮ್ಮ ಮೂವರು ಹೆಂಗಸರನ್ನು ಕಟ್ಟಿಕೊಂಡು ಬಂದು ಸೋಬಾನೆ ಪದ ಹಾಡಿ ಹೋಗಿದ್ದಳು. ಮೊಮ್ಮಗಳು ರಂಜಿತಳ ಮದುವೆಯಲ್ಲಿ ಹಾಕಲು ಕ್ಯಾಸೆಟ್ ಆಗಬೇಕಿತ್ತು. ಗಂಡನಿಲ್ಲದವಳು ಹಸೆಯ ಹತ್ತಿರ ನಿಂತು ಹಾಡುವಂತಿಲ್ಲ. "ಕ್ಯಾಸೆಟ್ನಾಗೆ ಆಡುದ್ರೆ ಯಾರು ಬ್ಯಾಡ ಅಂದಾರು" ಎಂದು ಅವಳೇ ದಾರಿ ಕಂಡುಕೊಂಡಿದ್ದಳು. ಉಳಿದವರು ಹಾಡುವಾಗ ನಾಲ್ಕನೇ ಮೈಕಿನ ಮುಂದೆ ಸುಮ್ಮನೆ ಕೂತಿದ್ದು, ಮನೆಯ ಹಿರಿಯಳು ಹರಸುವ ಕೊನೆಯ ನುಡಿಯೊಂದನ್ನು ಮಾತ್ರ ಒಬ್ಬಳೇ ಹಾಡಿದಳು. ಯಂತ್ರ ತಾನೇ ಓಡುತ್ತದಲ್ಲ ಎಂದು ಜಯಕುಮಾರ ಆ ಹೊತ್ತಿಗೆ ಟೀ ಕುಡಿಯಲು ಹೋಗಿದ್ದ.

ಮರುವಾರ ನಾಗಮಂಗಲದ ನಾಟಕದವರು ಬಂದಾಗ ಡಿಸ್ಕು ತುಂಬಿತ್ತು. ಜಾಗ ಮಾಡಬೇಕು. ಸೋಬಾನೆಯ ನಾಲ್ಕನೇ ಚಾನೆಲ್ಲನ್ನು ಎರಡು ನಿಮಿಷ ಕೇಳಿದ. ಉಸಿರು, ಸೀರೆಯ ಸರಬರ, ಒಂದು ಕೆಮ್ಮು. ಖಾಲಿ ಎಂದುಕೊಂಡ. ಅಳಿಸಲೇ ಎಂದು ಯಂತ್ರ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದು ಒತ್ತಿದ.

ಇಂದು ನಾಲ್ವರೂ ಪದ ಕೇಳಲು ಬಂದಿದ್ದರು. ಮೂವರ ದನಿ ಚೆನ್ನಾಗಿಯೇ ಬಂತು. ಕೊನೆಯ ನುಡಿಗೆ ಅವು ನಿಂತವು. ಆಮೇಲೆ ಪಕ್ಕದ ಮೈಕುಗಳಿಗೆ ಬಿದ್ದಿದ್ದ ಕುಳ್ಳಮ್ಮನ ದನಿ, ಬಾವಿಯ ತಳದಲ್ಲಿ ಯಾರೋ ಗುನುಗಿದಂತೆ ಕೇಳಿಸಿತು. ತಾನು ಅಳಿಸಿದ್ದು ಏನೆಂದು ಜಯಕುಮಾರನಿಗೆ ತಿಳಿದದ್ದು ಆಗಲೇ.

ಜೊತೆಗೆ ಹಾಡಿದ್ದ ಕುಳ್ಳಮ್ಮನ ನಾದಿನಿ ಚಿಕ್ಕಬೋರಮ್ಮ ನಕ್ಕಳು. "ಇದೇನತ್ಗೆಮ್ಮ, ಸೊಳ್ಳೆ ಆಡ್ದಂಗೈತೆ. ಅವತ್ತು ಇಟ್ಟು ಉಂಡಿರ್ನಿಲ್ವಾ? ಮದ್ವೆ ಮನೇಲಿ ಜನ ಏನಂದಾರು?"

"ಮೈಕಿನ ಹತ್ರ ಕೂರ್ಬೇಕಿತ್ತು" ಎಂದುಬಿಟ್ಟ ಜಯಕುಮಾರ. ಮೈಕನ್ನು ಅವಳ ಬಾಯಿಗೆ ಗೇಣು ದೂರದಲ್ಲಿ ಇಟ್ಟವನು ಅವನೇ.

ಕುಳ್ಳಮ್ಮ ಅವನ ಮುಖ ನೋಡಿದಳು. ಅವನು ಯಂತ್ರದ ಗುಂಡಿಗಳತ್ತ ಕಣ್ಣು ತಿರುಗಿಸಿದ.

"ಊ ಕಣಪ್ಪ. ನಾನೇ ವಸಿ ದೂರ ಕೂತಿದ್ದೆ ಅಂತ ಕಾಣ್ತದೆ" ಎಂದಳು. ಅವನಿಗೆಂದು ತಂದಿದ್ದ ಅವರೆಕಾಯಿಯ ಗಂಟನ್ನು ಮೇಜಿನ ಮೇಲಿಟ್ಟು ಎದ್ದಳು. ಓಣಿಯುದ್ದಕ್ಕೂ ಚಿಕ್ಕಬೋರಮ್ಮನ ಸೊಳ್ಳೆಯ ಮಾತು, ನಗು ಕೇಳುತ್ತಿತ್ತು.

ಜಯಕುಮಾರ ಆ ಗಂಟನ್ನು ನೋಡುತ್ತ ನಿಂತ. ಬಿಚ್ಚಲು ಕೈ ಬರಲಿಲ್ಲ. ಬಾಗಿಲನ್ನೂ ಹಾಕದೆ ಓಡಿದ.

ಬಸ್ಸು ಹೊರಡುವುದರಲ್ಲಿತ್ತು. ಅವನು ಕಿಟಕಿ ಹಿಡಿದುಕೊಂಡ. "ಅವ್ವ, ನೀವು ದೂರ ಕೂತಿರ್ಲಿಲ್ಲ. ನಿಮ್ಮ ಪದಾನ ನಾನೇ ಅಳಿಸ್ಬುಟ್ಟೆ. ಖಾಲಿ ಅನ್ಕಂಡೆ."

"ನಾನೆಲ್ಲಿ ಕೂತಿದ್ದೆ ಅಂತ ನಂಗೊತ್ತಿಲ್ವಾ ಮಗ?" ಎಂದಳು ಕುಳ್ಳಮ್ಮ ಮೆಲ್ಲಗೆ. "ಇವ್ರಿಗೆ ಯೋಳು."

ಅವನು ಇನ್ನೊಮ್ಮೆ ಹೇಳಿದ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸದೆ ಮೂರನೇ ಸಲ ಕೂಗಿಯೇ ಹೇಳಬೇಕಾಯಿತು. ಇಡೀ ಬಸ್ಸು ತಿರುಗಿ ನೋಡಿತು. ಸೀಟಿಯನ್ನು ಬಾಯಿಗಿಟ್ಟಿದ್ದ ಕಂಡಕ್ಟರು ಊದದೆ ಕೆಳಗಿಳಿಸಿದ.

ಚಿಕ್ಕಬೋರಮ್ಮ ಸೆರಗಿನ ತುದಿಯನ್ನು ಸುತ್ತುತ್ತ ಕೂತಿದ್ದಳು. ಆಮೇಲೆ ಎದ್ದು ಅತ್ತಿಗೆಯ ಚೀಲವನ್ನು ತಾನೇ ಎತ್ತಿಕೊಂಡಳು. "ಮುಂದಿನ್ ಬಸ್ಗೆ ವೋಗಾನ, ಏಳಿ ಅತ್ಗೆಮ್ಮ."

ಕುಳ್ಳಮ್ಮ ಕೊನೆಯಲ್ಲಿ ಇಳಿದಳು. ಮೆಟ್ಟಿಲು ಎತ್ತರವಿತ್ತು. ಜಯಕುಮಾರ ತಲೆ ಎತ್ತದೆ ಕೈ ಚಾಚಿದ. ಅವಳು ಅದನ್ನು ಹಿಡಿದು ಇಳಿದು, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು:

"ಈ ಸಲ ಟೀಗೆ ವೋಗ್ಬ್ಯಾಡ."