ಕತ್ತಿನ ಮೂರು ಪಟ್ಟೆ

ಕುದೇರಿನ ಬಸವಪ್ರಸಾದನ ಮನೆಯಲ್ಲಿ ಹದಿನೈದು ದಿನದಿಂದ ಒಂದು ಘನವಾದ ಪ್ರಶ್ನೆ ಇತ್ಯರ್ಥವಾಗದೆ ಉಳಿದಿತ್ತು: ವಿಭೂತಿ ಹಣೆಗೆ ಮುಗಿಯಬೇಕೋ, ಕತ್ತಿಗೂ ಇಳಿಯಬೇಕೋ?

ಬಸವಪ್ರಸಾದ ಬಸ್ ಕಂಡಕ್ಟರ್. ನರದ ಕಾಯಿಲೆಯಿಂದ ಉಸಿರೆಳೆಯುವ ಶಕ್ತಿ ಕುಂದಿ, ವೈದ್ಯರು ಅವನ ಕತ್ತಿನಲ್ಲಿ ತೂತು ಮಾಡಿ, ಕೊಳವೆ ಇಟ್ಟು, ವೆಂಟಿಲೇಟರಿನೊಂದಿಗೆ ಮನೆಗೆ ಕಳಿಸಿದ್ದರು. ಸಂತೆಮರಹಳ್ಳಿವರೆಗೂ ಕೇಳಿಸುತ್ತಿದ್ದ ಗಂಟಲು ಈಗ ಮೌನ. ಉಂಗುರದ ಬೆರಳಿನಿಂದ ಮಂಚದ ಕಂಬಿಗೆ ಬಡಿಯುವುದೇ ಮಾತು. ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಎಂದರೆ ರೈಟ್.

ಅಕ್ಕ ದೊಡ್ಡಮಲ್ಲಮ್ಮನವರಿಗೆ ತಮ್ಮನ ಬರಿಗತ್ತು ನೋಡಲಾಗುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಯಂತ್ರ ಬಿಡಿಸಲು ವೈದ್ಯರು ಹೇಳಿದ್ದರು. ಆಗ ಹೆಂಡತಿ ಶಶಿರೇಖಾ ಕೊಳವೆಯ ಬಾಯಿಗೆ ಗಾಳಿಯಾಡುವ, ತೇವ ಕಾಯುವ ಪುಟ್ಟ ಮುಚ್ಚಳ ಹಾಕಿ ಒಲೆಯ ಕಡೆ ಹೋಗುವಳು. ಅಕ್ಕ ಮುಚ್ಚಳ ತೆಗೆದಿಟ್ಟು, ಮೂರು ಬೆರಳಲ್ಲಿ ಪಟ್ಟೆ ಎಳೆಯುವರು. ತಮ್ಮ ಒಂದು ಬೆಲ್ ಹೊಡೆಯುವನು. ಅಕ್ಕನ ಲೆಕ್ಕದಲ್ಲಿ ಅದು ಕೋರಿಕೆಯ ನಿಲುಗಡೆ, ನಿಲ್ಲಲೇಬೇಕೆಂದೇನಿಲ್ಲ.

ಮಂಗಳವಾರ ಬಂದ ನರ್ಸ್ ನಾಗಲಕ್ಷ್ಮಿ ಕೊಳವೆಯ ಅಂಚಿನಲ್ಲಿ ಬೂದಿ ಕಂಡು ಹುಬ್ಬೇರಿಸಿದರು.

"ನಮ್ಮಪ್ಪ ಎಂಬತ್ತು ವರ್ಸ ಕತ್ಗೆ ಈಬೂತಿ ಇಟ್ಕಂಡಿದ್ರು. ಒಂದಿನಾನೂ ಕೆಮ್ಲಿಲ್ಲ ಕಣವ್ವ," ಎಂದರು ಅಕ್ಕ.

"ನಿಮ್ಮಪ್ಪಾರ ಕತ್ನಲ್ಲಿ ತೂತಿರ್ಲಿಲ್ಲವಲ್ಲವ್ವ. ಬೂದಿ ಒಳಕ್ಕೋದ್ರೆ ಕಫ ಗಟ್ಟಿಯಾಗಿ ಕೊಳವೆ ಕಟ್ಕತದೆ. ಆ ಮುಚ್ಚಳ ಇವರ ಮೂಗಿದ್ದಂಗೆ, ತೆಗೀಬ್ಯಾಡಿ."

ಅಕ್ಕ ತಲೆಯಾಡಿಸಿದರು. ಬುಧವಾರ ಪಟ್ಟೆ ಎಳೆದರು.

ಗುರುವಾರ ಯಂತ್ರ ಜೋಡಿಸಿದ್ದೇ ತಡ, ಅದು ಕೂಗತೊಡಗಿತು. ಕಂಬಿಯ ಮೇಲೆ ಒಂದು ಬೆಲ್. ಮತ್ತೊಂದು. ಇನ್ನೊಂದು. ತಮ್ಮನ ತುಟಿ ನೀಲಿಗಟ್ಟುವುದನ್ನು ಕಂಡು ಅಕ್ಕನ ಕೈಯಿಂದ ವಿಭೂತಿಗಟ್ಟಿ ಜಾರಿತು. ಶಶಿರೇಖಾ ಯಂತ್ರ ಬಿಡಿಸಿ, ಕೊಳವೆಯೊಳಗಿನ ಕೊಳವೆಯನ್ನು ತಿರುಗಿಸಿ ಹೊರತೆಗೆದಳು. ಅವರೆಕಾಳಿನಷ್ಟು ಬೂದುಬಣ್ಣದ ಗಟ್ಟಿ ಅದರ ಬಾಯಿ ಮುಚ್ಚಿತ್ತು. ತಲೆದೆಸೆಯಲ್ಲಿದ್ದ ಶುದ್ಧ ಒಳಕೊಳವೆ ಕೂರಿಸಿ, ಹತ್ತೆಣಿಸುವಷ್ಟರಲ್ಲಿ ಸಕ್ಷನ್ ಮಾಡಿ ಕಫ ತೆಗೆದು, ಯಂತ್ರ ಜೋಡಿಸಿದಳು.

ಯಂತ್ರ ಸುಮ್ಮನಾಯಿತು. ಸ್ವಲ್ಪ ಹೊತ್ತಿನ ಮೇಲೆ ಎರಡು ಬೆಲ್.

"ನನ್ ಕೈಯಾರೆ ಮುಚ್ಬುಟ್ಟಿದ್ನಲ್ಲ ಕಣಮ್ಮಿ," ಎಂದರು ಅಕ್ಕ.

"ಆ ಕೈಗೇ ಕೆಲ್ಸ ಕಲಿಸ್ತೀನಿ ಅತ್ತಿಗೆ. ಮೊದ್ಲು ಸೋಪಾಕಿ ತೊಳ್ಕಬನ್ನಿ."

ನಿಮ್ಮ ಮನೆಯಲ್ಲೂ ಕತ್ತಿನ ಕೊಳವೆಯಿಂದ ಉಸಿರಾಡುವವರಿದ್ದರೆ ಅದರ ಹತ್ತಿರ ಬೂದಿ, ಪೌಡರ್, ಧೂಪ ಯಾವುದೂ ಬೇಡ. ಕೈ ತೊಳೆಯದೆ ಮುಟ್ಟಬೇಡಿ. ಒಳಕೊಳವೆಯನ್ನು ನರ್ಸ್ ತೋರಿಸಿಕೊಟ್ಟಂತೆ ದಿನವೂ ಶುಚಿಮಾಡಿ. ಇನ್ನೊಂದು ಕೊಳವೆ, ಸಕ್ಷನ್ ಯಂತ್ರ, ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ ಮಂಚದ ಪಕ್ಕದಲ್ಲೇ ಇರಲಿ; ಕರೆಂಟು ಹೋದರೆ ಏನು ಮಾಡುವುದೆಂದು ಮೊದಲೇ ಗೊತ್ತಿರಲಿ. ಯಂತ್ರ ಕೂಗಿದರೆ ಮೊದಲು ರೋಗಿಯ ಮುಖ ನೋಡಿ. ಉಸಿರು ಸರಿಹೋಗದಿದ್ದರೆ ಚೀಲ ಒತ್ತುತ್ತಲೇ 108ಕ್ಕೆ ಕರೆ ಮಾಡಿಸಿ. ಇಷ್ಟನ್ನೂ ಮನೆಯಲ್ಲಿ ಒಬ್ಬರಲ್ಲ, ಇಬ್ಬರು ಕಲಿತಿರಿ.

ಕುದೇರಿನ ಆ ಮನೆಯಲ್ಲಿ ಈಗ ಕಲಿತವರು ಇಬ್ಬರು. ವಿಭೂತಿ ಹಣೆಗೆ ಮಾತ್ರ.