ಮೇಯರ್‌ಗೆ ಹತ್ತು ದಿನದ ಪರೀಕ್ಷೆ

ವರ್ಲಿನ್‌ನ ಮನೆಯಲ್ಲಿ ಇರಬೇಕಾದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯನ್ನು ಓದಿಕೊಂಡಿರಬೇಕು. ಬೂಟು ಬಾಗಿಲಲ್ಲೇ ಬಿಚ್ಚಬೇಕು. ಸ್ನಾನ ಆರು ನಿಮಿಷಕ್ಕೆ ಮುಗಿಯಬೇಕು. ಹೀಟರಿನ ಗುಂಡಿಯನ್ನು ಮನೆಯ ಯಜಮಾನ ಬಿಟ್ಟು ಬೇರೆ ಯಾರೂ ಮುಟ್ಟಕೂಡದು. ವರ್ಲಿನ್ ಕಬ್ಬಿಣದ ಗಣಿಯಲ್ಲಿ ಸುರಕ್ಷತೆಯ ಮೇಲ್ವಿಚಾರಕ. ಹಗಲೆಲ್ಲ ಮುನ್ನೂರು ಜನರ ತಲೆಗೆ ಹೆಲ್ಮೆಟ್ ಹಾಕಿಸಿದವನಿಗೆ ಸಂಜೆ ಮನೆಗೆ ಬಂದರೆ ಹಾಕಿಸಲು ತಲೆ ಸಿಗದೆ ಕೈ ತುರಿಸುತ್ತಿತ್ತು. ಸಿಕ್ಕ ತಲೆ ರೇನೋನದು. ಹೆಂಡತಿ ಕೈಸಾಳ ತಮ್ಮ ಅವನು, ಇಪ್ಪತ್ತಮೂರರ ಪ್ರಾಯ. ಹತ್ತನೇ ತರಗತಿಗೆ ಶಾಲೆ ಬಿಟ್ಟು ಟೈರಿನ ಅಂಗಡಿಯಲ್ಲಿ ದುಡಿಯುತ್ತ, ಇವರ ನೆಲಮಾಳಿಗೆಯಲ್ಲಿ ಎರಡು ವರ್ಷದಿಂದ ‘ತಾತ್ಕಾಲಿಕವಾಗಿ’ ಇದ್ದ. ಹಾಳೆಯ ಏಳನೇ ಸಾಲು ಅವನಿಗೇ ಮೀಸಲು: ರೇನೋ, ನಡತೆ ನೋಡಿಕೊಂಡು, ಮಾರ್ಚ್‌ವರೆಗೆ ಇರಬಹುದು.

ನವೆಂಬರಿನಲ್ಲಿ ಎಂಟನೇ ಸಾಲು ಸೇರಿತು. ಅದು ಬೆಕ್ಕಿನದು.

ಬೀದಿಯವರು ಆ ಬೆಕ್ಕನ್ನು ಮೇಯರ್ ಎಂದು ಕರೆಯುತ್ತಿದ್ದರು. ದಪ್ಪ ತಲೆ, ಬೂದು ಮೈ. ದಿನಕ್ಕೊಮ್ಮೆ ಎಲ್ಲರ ಮೆಟ್ಟಿಲ ಮೇಲೂ ಕುಳಿತು, ಯಾರಿಗೂ ಏನೂ ಮಾಡದೆ, ಕೊಟ್ಟದ್ದನ್ನು ತಿಂದು ಮುಂದಿನ ಮನೆಗೆ ಹೋಗುತ್ತಿತ್ತು. ಕಳೆದ ಜನವರಿಯ ಚಳಿಗೆ ಅದರ ಎಡಗಿವಿ ಅರ್ಧ ಹೆಪ್ಪುಗಟ್ಟಿ ಉದುರಿಹೋಗಿತ್ತು. ಈ ವರ್ಷ ಹಿಂಗಾಲೊಂದನ್ನು ಎಳೆದುಕೊಂಡು ನಡೆಯುತ್ತಿತ್ತು. ಇನ್ನೊಂದು ಚಳಿಗಾಲ ಹೊರಗೆ ಬಿದ್ದರೆ ಹೋಗುವುದು ಕಿವಿಯಲ್ಲ, ಇಡೀ ಬೆಕ್ಕೇ ಎಂದು ರೇನೋಗೆ ಗೊತ್ತಿತ್ತು.

“ಮೇಯರ್‌ನ ಒಳಗೆ ತರ್ತೀನಿ,” ಎಂದ.

ವರ್ಲಿನ್ ಕಾಫಿ ಲೋಟ ಕೆಳಗಿಟ್ಟ. “ನನ್ನ ಟುಲಿಪ್ ಪಾತೀನ ಕಕ್ಕಸು ಮಾಡ್ಕೊಂಡಿದೆಯಲ್ಲ, ಅದನ್ನಾ?”

“ನಿನ್ನ ಟುಲಿಪ್ ಈ ವರ್ಷ ಅರಳಿದ್ದೇ ಅದರ ದಯೆಯಿಂದ.”

“ಕೈಸಾ, ನಿನ್ನ ತಮ್ಮನಿಗೆ ಹೇಳು.”

ಕೈಸಾ ಆಲೂಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. “ನೀನೇ ಹೇಳು. ಎದುರಿಗೇ ಇದಾನಲ್ಲ.”

ವರ್ಲಿನ್ ಹೇಳಲಿಲ್ಲ, ಬರೆದ. ಬೆಕ್ಕು ಹತ್ತು ದಿನ ಗ್ಯಾರೇಜಿನಲ್ಲಿರಬೇಕು. ಹತ್ತು ದಿನವೂ ಮರಳು ತುಂಬಿದ ಪೆಟ್ಟಿಗೆಯಲ್ಲೇ ಕಕ್ಕಸು ಮಾಡಬೇಕು. ಒಂದೇ ಒಂದು ಸಲ ಹೊರಗೆ ಬಿದ್ದರೂ ಗಾಡಿಗೆ ಹಾಕಿ ಊರಾಚೆಯ ಹಳೇ ಕೊಟ್ಟಿಗೆಯ ಹತ್ತಿರ ಬಿಟ್ಟುಬರುವುದು. ಕೆಳಗೆ ಸಹಿ. ಬೆಕ್ಕಿಗೆ ಸಹಿ ಬಾರದ್ದರಿಂದ ರೇನೋ ಮಾಡಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಈ ಮನೆಯಲ್ಲಿ ಚೆಲ್ಲಾಟವೆಲ್ಲ ವರ್ಲಿನ್‌ನದು, ಸಂಕಟ ಬೆಕ್ಕಿನದು.

ಮೊದಲ ದಿನ ಮೇಯರ್ ಏನೂ ಮಾಡಲಿಲ್ಲ. ರೇನೋ ಅಂಗಡಿಯಿಂದ ಒದ್ದೆ ಹೀರುವ ಬೆಕ್ಕಿನ ಮರಳನ್ನು ದೊಡ್ಡ ಚೀಲದಲ್ಲಿ ತಂದು ಪೆಟ್ಟಿಗೆಗೆ ಸುರಿದಿದ್ದ. ಅದು ಬಂದು ಮೂಸಿ, ಅವನ ಮುಖ ನೋಡಿ, ಮೂಲೆಗೆ ಹೋಗಿ ಕುಳಿತುಬಿಟ್ಟಿತು.

“ನಿನ್ನೆಯಿಂದ ತಡ್ಕೊಂಡು ಕೂತಿದೆ,” ಎಂದು ಮಾರನೆಯ ಬೆಳಿಗ್ಗೆ ಬರ್ನೀಸ್‌ಗೆ ಹೇಳಿದ. ಟೈರಿನ ಅಂಗಡಿಯ ಒಡತಿ ಬರ್ನೀಸ್ ಹನ್ನೊಂದು ಬೀದಿ ಬೆಕ್ಕುಗಳನ್ನು ಪಳಗಿಸಿದವಳು, ಮೂವರು ಗಂಡಂದಿರನ್ನು ಪಳಗಿಸಲಾಗದೆ ಬಿಟ್ಟವಳು.

“ಹುಟ್ಟಿದಾಗಿಂದ ಮಣ್ಣಲ್ಲಿ ಕೂತ ಪ್ರಾಣಿ ಕಣೋ ಅದು. ನಿನ್ನ ಮರಳು ಅದಕ್ಕೇನು ಗೊತ್ತು? ಎಲ್ಲಿ ಹೋಗ್ತಿತ್ತೋ ಅಲ್ಲಿನ ಮಣ್ಣೇ ತಂದು ತುಂಬು. ಮೂರು ದಿನ ಬರೀ ಮಣ್ಣು. ಆಮೇಲೆ ಅರ್ಧ ಮಣ್ಣು, ಅರ್ಧ ಮರಳು. ಆಮೇಲೆ ಬರೀ ಮರಳು. ಒಂದ್ಸಲ ತಲೇಲಿ ಕೂತ್ರೆ ಮುಗೀತು, ಎಲ್ಲಿ ಮರಳು ಕಂಡ್ರೂ ಅಲ್ಲೇ ಹೋಗುತ್ತೆ, ಬೇರೆ ಕಡೆ ಹೋಗಲ್ಲ. ಗಂಡಸರ ಹಾಗಲ್ಲ.”

“ಗಂಡಸರು ಹೇಗೆ?”

“ಅವರಿಗೆ ಮರಳೂ ಬೇಡ.”

ನೆಲ ಆಗಲೇ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಕೆರೆಯ ಮಂಜುಗಡ್ಡೆಗೆ ತೂತು ಹೊಡೆದು ಮೀನು ಹಿಡಿಯಲು ವರ್ಲಿನ್ ಇಟ್ಟುಕೊಂಡಿದ್ದ ಸಲಾಕೆಯನ್ನೇ ತಂದು, ರೇನೋ ಅವನದೇ ಟುಲಿಪ್ ಪಾತಿಯನ್ನು ಒಡೆದ. ಎರಡು ಬಕೆಟ್ ಮಣ್ಣಿನ ಜೊತೆ ನಾಲ್ಕು ಗೆಡ್ಡೆಗಳೂ ಬಂದವು. ಗೆಡ್ಡೆ ಎಸೆದು, ಮಣ್ಣನ್ನು ಹೀಟರಿನ ಪಕ್ಕ ಕರಗಿಸಿ ಪೆಟ್ಟಿಗೆಗೆ ತುಂಬಿದ. ಅರ್ಧ ಗಂಟೆಯಲ್ಲಿ ಮೇಯರ್ ಹತ್ತಿ, ಕೆದಕಿ, ಮುಗಿಸಿ, ಮುಚ್ಚಿ, ಮೂಸಿ ನೋಡಿ, ಸಮಾಧಾನವಾಗದೆ ಇನ್ನೊಮ್ಮೆ ಮುಚ್ಚಿತು. ರೇನೋಗೆ ಅಳು ಬರುವ ಹಾಗಾಯಿತು. ಬೈಗುಳವೊಂದನ್ನು ಆಡಿ ಅಳುವನ್ನು ನುಂಗಿಕೊಂಡ.

ಆಮೇಲಿನ ದಿನಗಳಲ್ಲಿ ಮಣ್ಣು ಕಡಿಮೆಯಾಯಿತು, ಮರಳು ಹೆಚ್ಚಾಯಿತು, ಮೇಯರ್ ಒಮ್ಮೆಯೂ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಗಣಿಗೆ ಹೊರಡುವ ಮೊದಲು ವರ್ಲಿನ್ ಟಾರ್ಚು ಹಿಡಿದು ಗ್ಯಾರೇಜಿನ ಮೂಲೆಮೂಲೆಯನ್ನೂ ಬಗ್ಗಿ ನೋಡುತ್ತಿದ್ದ. ಆ ನೆಲಕ್ಕೆ ತಾನೇ ಮೂರು ಸುತ್ತು ಬೂದು ಬಣ್ಣ ಹೊಡೆದು ಕನ್ನಡಿ ಮಾಡಿದ್ದವನು.

“ನಿನ್ನೆ ಎರಡಿತ್ತು, ಇವತ್ತು ಒಂದೇ. ಇನ್ನೊಂದೆಲ್ಲಿ?”

“ಇನ್ನೊಂದು ಬಂದಿಲ್ಲ.”

“ಬಂದಿಲ್ಲ ಅಂತ ನಿನಗೆ ಹೇಗೆ ಗೊತ್ತು?”

“ನಿನ್ನದು ಬಂತಾ ಅಂತ ನಾನೇನಾದ್ರೂ ದಿನಾ ಕೇಳ್ತೀನಾ ವರ್ಲಿನ್?”

ಎಂಟನೇ ದಿನ ಶನಿವಾರ. ಬೇಟೆಯ ಕಾಲ. ರೇನೋ ಅಂಗಡಿಯಲ್ಲಿ ಊರಿನವರ ಗಾಡಿಗಳಿಗೆಲ್ಲ ಹಿಮದ ಟೈರು ಹಾಕುತ್ತಿದ್ದಾಗ ವರ್ಲಿನ್ ಕಾಡಿನಿಂದ ಜಿಂಕೆಯೊಂದನ್ನು ಹೊಡೆದು ತಂದು ಗ್ಯಾರೇಜಿನ ತೊಲೆಗೆ ತಲೆಕೆಳಗಾಗಿ ನೇತುಹಾಕಿದ. ಅದರ ಮೂಗಿನಿಂದ ಕನ್ನಡಿ ನೆಲದ ಮೇಲೆ ರಕ್ತ ತೊಟ್ಟಿಕ್ಕತೊಡಗಿತು. ಆ ಊರಲ್ಲಿ ಬೆಕ್ಕಿಲ್ಲದ ಗ್ಯಾರೇಜಿನಲ್ಲೂ ಬೆಕ್ಕಿನ ಮರಳಿನ ಚೀಲ ಇರುತ್ತದೆ. ಹಿಮದಲ್ಲಿ ಚಕ್ರ ಜಾರಿದರೆ ಅದನ್ನು ಸುರಿಯುತ್ತಾರೆ, ಎಂಜಿನ್ ಎಣ್ಣೆ ಸೋರಿದರೂ ಅದನ್ನೇ ಸುರಿಯುತ್ತಾರೆ. ವರ್ಲಿನ್‌ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ರೇನೋ ತಂದಿಟ್ಟಿದ್ದ ಚೀಲದಲ್ಲಿ ಉಳಿದದ್ದನ್ನೆಲ್ಲ ಜಿಂಕೆಯ ಕೆಳಗೆ ಮೆತ್ತಗೆ, ಗೇಣುದ್ದ ಗುಡ್ಡೆ ಹಾಕಿ, ಶಿಳ್ಳೆ ಹೊಡೆಯುತ್ತ ಒಳಗೆ ಹೋದ.

ಒಂಬತ್ತನೇ ದಿನ ಬೆಳಿಗ್ಗೆ ರೇಡಿಯೋ ಹೇಳಿತು: ಇವತ್ತು ರಾತ್ರಿಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅದೇ ಹೊತ್ತಿಗೆ ಗ್ಯಾರೇಜಿನಿಂದ ವರ್ಲಿನ್ ಕೂಗಿದ. ದನಿಯಲ್ಲಿ ಹಬ್ಬವಿತ್ತು.

“ರೇನೋ, ಬಾ ಇಲ್ಲಿ. ಏನಿದು?”

ಜಿಂಕೆಯ ಕೆಳಗಿನ ಮರಳಲ್ಲಿ ಅಚ್ಚುಕಟ್ಟಾದ ಪುಟ್ಟ ದಿಬ್ಬವಿತ್ತು. ವರ್ಲಿನ್ ಅದನ್ನು ಬೂಟಿನಿಂದ ಕೆದಕಿ, ಮೆಟ್ಟಿ, ಸಾಕ್ಷ್ಯವನ್ನೆಲ್ಲ ಬಯಲಿಗೆಳೆದಿದ್ದ.

“ಈ ಮರಳು ಇಲ್ಲಿಗೆ ಹೇಗೆ ಬಂತು?” ಎಂದ ರೇನೋ.

“ರಕ್ತ ಹೀರ್ಲಿ ಅಂತ ನಾನೇ ಸುರಿದೆ. ನನ್ನ ಗ್ಯಾರೇಜು.”

“ಹಾಗಾದ್ರೆ ಬೆಕ್ಕಿಗೆ ಎರಡನೇ ಕಕ್ಕಸು ಕಟ್ಟಿಸಿದ್ದು ನೀನು. ಅದು ಕಲಿತ ಹಾಗೇ ಮಾಡಿದೆ.”

“ಹಾಳೇಲಿ ಪೆಟ್ಟಿಗೆ ಅಂತ ಬರೆದಿದೆ.”

“ಅದಕ್ಕೆ ಓದೋಕೆ ಬರಲ್ಲ.”

“ನಿನಗೆ ಬರುತ್ತಲ್ಲ. ಅಥವಾ ಹತ್ತನೇ ಕ್ಲಾಸಿಗೆ ಅದೂ ನಿಂತುಹೋಯ್ತಾ? ಬೋನು ತಾ. ಮಧ್ಯಾಹ್ನದೊಳಗೆ ಕೊಟ್ಟಿಗೆಗೆ ಬಿಟ್ಟುಬರ್ತೀನಿ.”

ಗೋಡೆಗೆ ಒರಗಿಸಿದ್ದ ಸಲಾಕೆ ರೇನೋನ ಕೈಯಳತೆಯಲ್ಲೇ ಇತ್ತು. ಸತ್ತ ಜಿಂಕೆ ನಾಲಿಗೆ ಚಾಚಿ ನಿನ್ನೆಯಿಂದ ನೆಲಕ್ಕೆ ಸೋರುತ್ತಿದೆ, ಅದು ಕೊಳಕಲ್ಲ. ಬದುಕಿರುವ ಬೆಕ್ಕು ಮಾಡಿ ಮುಚ್ಚಿದರೆ ಅದು ಅಪರಾಧ. ಏಳನೇ ಸಾಲನ್ನೂ ಎಂಟನೇ ಸಾಲನ್ನೂ ಬರೆದ ಪೆನ್ನು ಒಂದೇ ಎಂದು ಅವನಿಗೆ ಆಗ ತಿಳಿಯಿತು. ಆದರೆ ಸಲಾಕೆ ಎತ್ತಿದರೆ ಚಳಿಗೆ ಬೀಳುವುದು ಮೇಯರ್. ಕೈಯನ್ನು ಜೇಬಿಗೆ ತುರುಕಿದ.

“ಬೋನು ತರಲ್ಲ,” ಎಂದ.

“ತರಲ್ವಾ? ಸಹಿ ಮಾಡಿದ್ದನ್ನ ಓದಿ ತೋರಿಸ್ತೀನಿ ಬಾ.”

ವರ್ಲಿನ್ ಬಾಗಿಲು ದೂಡಿಕೊಂಡು ದಡದಡ ಒಳಗೆ ಹೋದ. ಊಟದ ಕೋಣೆ ದಾಟಿ, ಫ್ರಿಜ್ಜಿನ ಮುಂದೆ ನಿಂತು, ಬೆರಳಿಟ್ಟು ಎಂಟನೇ ಸಾಲನ್ನು ಗಟ್ಟಿಯಾಗಿ ಓದತೊಡಗಿದ. ಕೈಸಾ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ತನ್ನ ಹೊಸ ಕೆನೆಬಣ್ಣದ ಕಾರ್ಪೆಟ್ಟನ್ನು ನೋಡುತ್ತಿದ್ದಳು. ಗ್ಯಾರೇಜಿನ ಬಾಗಿಲಿನಿಂದ ಫ್ರಿಜ್ಜಿನವರೆಗೆ ಒಂದೊಂದು ಹೆಜ್ಜೆಗೂ ಜಿಂಕೆಯ ರಕ್ತ, ಅದರಲ್ಲಿ ಕಲಸಿದ ಮರಳು, ಮರಳಿನ ಜೊತೆ ಮೇಯರ್‌ನದು.

“ವರ್ಲಿನ್, ಮೊದಲನೇ ಸಾಲು ಓದು.”

“ಎಂಟನೇದು ಓದ್ತಿದೀನಿ.”

“ಮೊದಲನೇದು.”

“ಬೂಟು ಬಾಗಿಲಲ್ಲೇ,” ಎಂದು ಓದಿದ ವರ್ಲಿನ್ ಅಲ್ಲೇ ನಿಂತ. ಕೆಳಗೆ ನೋಡಿದ. ಒಂದು ಕಾಲೆತ್ತಿದ, ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ.

“ಒಂಬತ್ತು ದಿನದಿಂದ ಆ ಬೆಕ್ಕು ಹೊಸ್ತಿಲು ದಾಟಿಲ್ಲ,” ಎಂದಳು ಕೈಸಾ ಮೆಲ್ಲಗೆ. “ಮನೆಯೊಳಗೆ ಗಲೀಜು ಮಾಡಿದೋನು ಒಬ್ಬನೇ. ಗಾಡಿ ಕೀ ಕೊಡು. ಅವನನ್ನ ಕೊಟ್ಟಿಗೆಗೆ ನಾನೇ ಬಿಟ್ಟುಬರ್ತೀನಿ.”

“ಅದೂ ಇದೂ ಒಂದೇನೇ? ಅದು ಬೆಕ್ಕು.”

“ಹೌದು. ಅದು ಮಾಡಿದ್ಮೇಲೆ ಮುಚ್ಚುತ್ತೆ.” ತಮ್ಮನ ಕಡೆ ತಿರುಗಿದಳು. “ರೇನೋ, ಪೆಟ್ಟಿಗೆ ಒಳಗೆ ತಾ.”

ಪೆಟ್ಟಿಗೆಯ ಹಿಂದೆಯೇ ಮೇಯರ್ ಬಂತು, ಕುಂಟುತ್ತ, ಅರ್ಧ ಕಿವಿ ಒದರುತ್ತ. ಕಾರ್ಪೆಟ್ಟಿನ ಮೇಲಿನ ಹೆಜ್ಜೆಗಳನ್ನು ಮೂಸಿ ನೋಡಿ, ಮುಖ ಸಿಂಡರಿಸಿ, ಅಂಚಿನಲ್ಲೇ ಸುತ್ತು ಹಾಕಿ, ಕೋಣೆಯಲ್ಲಿದ್ದ ಒಂದೇ ಒಂದು ಮೆತ್ತನೆಯ ಕುರ್ಚಿ ಹತ್ತಿ ಮಲಗಿತು.

“ಅದು ನನ್ನ ಕುರ್ಚಿ,” ಎಂದ ವರ್ಲಿನ್. ಅಷ್ಟು ಹೊತ್ತಿಗೆ ಅವನು ಬರಿಗಾಲಲ್ಲಿ ಮಂಡಿಯೂರಿ, ಕೈಯಲ್ಲಿ ಬ್ರಷ್ಷು ಹಿಡಿದಿದ್ದ.

“ಹಾಳೇಲಿ ಹಾಗೇನೂ ಬರೆದಿಲ್ಲ,” ಎಂದ ರೇನೋ. ಆಮೇಲೆ ಹಾಳೆಯನ್ನು ಫ್ರಿಜ್ಜಿನಿಂದ ಕಿತ್ತು, ಮಡಚಿ, ಕಾರ್ಪೆಟ್ಟಿನ ಮೇಲಿದ್ದ ದೊಡ್ಡ ಉಂಡೆಯನ್ನು ಅದರಲ್ಲಿ ಬಾಚಿಕೊಂಡ. ಏಳನೇ ಸಾಲು ಇದ್ದ ಕಡೆಯಿಂದಲೇ ಬಾಚಿದ.