ಶ್ರೀಜಾಗೆ ಶಾಲು ಬೇಡ

ಸನ್ಮಾನ ಎಂದರೆ ನಮ್ಮವರಿಗೆ ಎಲ್ಲಿಲ್ಲದ ಹುಚ್ಚು. ಸಮುದ್ರ ದಾಟಿ ಬಂದರೂ ಬಿಟ್ಟಿಲ್ಲ. ಮಗು ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂದರೂ ಶಾಲು, ಯಾರೋ ಮ್ಯಾರಥಾನ್ ಓಡಿ ಕಾಲು ಉಳುಕಿಸಿಕೊಂಡರೂ ಮೈಸೂರು ಪೇಟ. ಹೀಗಿರುವಾಗ ಸ್ಯಾನ್ ಡಿಯಾಗೋದ ಕನ್ನಡ ಬಳಗವೊಂದರ ಅಧ್ಯಕ್ಷ ಬಾಲಕೃಷ್ಣ, ರಾಜೀವಿಯ ಮಗಳನ್ನು ಬಿಟ್ಟಾರೆಯೇ?

ಮಗಳು ಶ್ರೀಜಾ ಕಾಲೇಜು ಫೀಸಿಗೆ ನೆರವಾಗುತ್ತದೆಂದು ನ್ಯಾಷನಲ್ ಗಾರ್ಡ್ ಎಂಬ ಅರೆಕಾಲಿಕ ಸೇನೆ ಸೇರಿದ್ದಳು. ತಿಂಗಳಿಗೊಂದು ವಾರಾಂತ್ಯ ತರಬೇತಿ, ಕರೆ ಬಂದಾಗ ಡ್ಯೂಟಿ. 2025ರ ಜೂನ್‌ನಲ್ಲಿ ಕರೆ ಬಂತು. ವಲಸಿಗರನ್ನು ಹಿಡಿದೊಯ್ಯುವುದರ ವಿರುದ್ಧ ಲಾಸ್ ಏಂಜಲೀಸ್‌ನ ಜನ ಬೀದಿಗಿಳಿದಿದ್ದರು. ಇವಳು ಗುರಾಣಿ ಹಿಡಿದು ಸರ್ಕಾರಿ ಕಟ್ಟಡವೊಂದರ ಮುಂದೆ ಐದು ವಾರ ನಿಂತಳು. ಯಾರ ಮೈಮೇಲೂ ಕೈ ಮಾಡಲಿಲ್ಲ. ಆದರೆ ಗುಂಪಿನಲ್ಲಿ ಅವಳ ಹಳೆಯ ಗೆಳತಿಯ ತಾಯಿಯಿದ್ದರು. ಇವರು ಮೊದಲು ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯಲ್ಲಿದ್ದಾಗ ಆಕೆ ಪಕ್ಕದ ಮನೆಯವರು. ಆಕೆ ಹೆಸರು ಹಿಡಿದು ಕರೆದರಂತೆ, ಇವಳು ಮುಖ ಎತ್ತಲಿಲ್ಲವಂತೆ. ಮನೆಗೆ ಬಂದವಳು ಮಾತೇ ಬಿಟ್ಟಳು.

ರಾಜ್ಯೋತ್ಸವದಲ್ಲಿ ಸನ್ಮಾನ ಎಂದು ಫ್ಲೈಯರ್ ಅಚ್ಚಾದ ಮೇಲೆಯೇ ಬಾಲಕೃಷ್ಣ ಫೋನ್ ಮಾಡಿದ್ದು.

"ಅಮ್ಮಾ, ಐ ಡೋಂಟ್ ವಾಂಟ್ ಇಟ್," ಎಂದಳು ಶ್ರೀಜಾ. ಅಷ್ಟೇ.

ರಾಜೀವಿ ಮೂರು ಸಲ ಫೋನ್ ಮಾಡಿ ಬೇಡ ಎಂದಳು. "ಅಯ್ಯೋ, ನಾಚ್ಕೋತಾಳೆ ಬಿಡಿ ಮೇಡಂ! ಐದು ನಿಮಿಷದ ಕೆಲ್ಸ. ಯೂನಿಫಾರ್ಮ್ ಹಾಕ್ಕೊಂಡು ಬರಕ್ಕೆ ಹೇಳಿ," ಎಂದರು ಬಾಲಕೃಷ್ಣ. ಬೇಡ ಅಂದವರಿಗೆ ಮತ್ತೆರಡು ಸಲ ಬಲವಂತ ಮಾಡುವುದು ನಮ್ಮ ಉಪಚಾರದ ಪದ್ಧತಿ ತಾನೆ. ಹೋಳಿಗೆಗಾದರೆ ಸರಿ.

ರಾಜೀವಿಯ ಗಂಡ ಜಯರಾಮ ಅದೇ ಊರಿನ ಕರ್ನಿ ಮೆಸಾ ಬಡಾವಣೆಯಲ್ಲಿ ತಿಂಡಿ ಹೋಟೆಲ್ ಇಟ್ಟವನು. "ಎಂತ ಮಾರಾಯ್ತಿ, ಹೋಗಿ ಒಂದು ಸಲ ತಲೆ ಬಗ್ಗಿಸಿದ್ರೆ ಮುಗೀತಲ್ಲ," ಎಂದ. ತಲೆ ಬಗ್ಗಿಸಿ ಬಗ್ಗಿಸಿಯೇ ಮಗಳು ಹೀಗಾದದ್ದು ಎಂದು ಅವನಿಗೆ ಯಾರು ಹೇಳಬೇಕು?

ಹೋಗದಿದ್ದರೆ ಅದೂ ಒಂದು ಸುದ್ದಿಯಾಗುತ್ತದೆಂದು ಮೂವರೂ ಹೋದರು. ಶ್ರೀಜಾ ಜೀನ್ಸ್ ತೊಟ್ಟು ಕೊನೆಯ ಸಾಲಿನಲ್ಲಿ ಕುಳಿತಳು. ಬಾಲಕೃಷ್ಣ ಟೆಲಿಕಾಂ ಇಂಜಿನಿಯರ್, ಭಾಷಣಕ್ಕೆ ಚೆನ್ನಾಗಿ ಓದಿಕೊಂಡೇ ಬಂದಿದ್ದರು.

"ಸೌದೀಲಿ ನ್ಯಾಷನಲ್ ಗಾರ್ಡು ರಾಜಮನೆತನ ಕಾಯತ್ತೆ. ಫ್ರಾನ್ಸಲ್ಲಿ ಅದು ಮೀಸಲು ಪಡೆ. ಇಲ್ಲಿ ಬೆಂಕಿ, ನೆರೆ, ಗಲಾಟೆ, ಎಲ್ಲದಕ್ಕೂ ಅವರೇ. ನಮ್ಮ ದೇಶದಲ್ಲಿ ಏನಿದೆ ಹೇಳಿ? ಹೋಮ್‌ಗಾರ್ಡು! ಸಿಗ್ನಲ್ಲಲ್ಲಿ ಪೀಪಿ ಊದೋರು!"

ಸಭೆ ಘೊಳ್ಳೆಂದು ನಕ್ಕಿತು. ಜಯರಾಮನೂ ನಕ್ಕ. ಆಮೇಲೆ ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ.

"ಈಗ ನಮ್ಮ ವೀರವನಿತೆ, ಶ್ರೀಜಾ!"

ಚಪ್ಪಾಳೆಯೋ ಚಪ್ಪಾಳೆ. ಶ್ರೀಜಾ ಏಳಲಿಲ್ಲ. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದಳು. ಕಾರ್ಯಕರ್ತರಿಬ್ಬರು ಅವಳನ್ನು ಕರೆತರಲು ಹೊರಟೇಬಿಟ್ಟರು. ರಾಜೀವಿಗೆ ಮೈಯೆಲ್ಲ ಉರಿದುಹೋಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀದಾ ವೇದಿಕೆ ಹತ್ತಿದಳು.

"ಆ ಹೋಮ್‌ಗಾರ್ಡು ನಾನೇ," ಎಂದಳು. "ಮದುವೆಗೆ ಮೊದಲು ಊರಲ್ಲಿ ಆರು ವರ್ಷ. ನಿಮಗೆಲ್ಲ ಸರ್ಕಾರಿ ಕೆಲಸ ಅಂತ ಸುಳ್ಳು ಹೇಳಿದ್ದೆ. ಪೀಪಿ ಊದಿದ್ದೇನೆ, ಹೌದು. ನೆರೆ ಬಂದಾಗ ಬಾಣಂತಿಯರನ್ನು ದೋಣಿಗೆ ಹತ್ತಿಸಿದ್ದೂ ಉಂಟು. ಒಂದು ದಿನ ಬಂದರಿನಲ್ಲಿ ಮೀನು ಮಾರುವ ಹೆಂಗಸರು ಜಾಗ ಬಿಡುವುದಿಲ್ಲ ಅಂತ ಹಟ ಹಿಡಿದು ಕೂತ್ರು. ನಮ್ಮ ಕೈಗೆ ಲಾಠಿ ಕೊಟ್ಟು ಎದುರು ನಿಲ್ಲಿಸಿದ್ರು. ಕೂತವರಲ್ಲಿ ನನ್ನ ಚಿಕ್ಕಮ್ಮ ಇದ್ದಳು, ನನ್ನನ್ನು ಎತ್ತಿ ಆಡಿಸಿದವಳು. ಮರುವಾರ ಡ್ಯೂಟಿ ಚೆನ್ನಾಗಿ ಮಾಡಿದೆ ಅಂತ ನನಗೆ ಶಾಲು ಹೊದಿಸಿದ್ರು. ನಾನು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆ. ಚಿಕ್ಕಮ್ಮ ಸಾಯುವವರೆಗೂ ನನ್ನ ಹತ್ರ ಮಾತಾಡ್ಲಿಲ್ಲ."

ಬಾಲಕೃಷ್ಣ ಮೈಕಿಗೆ ಕೈ ಚಾಚಿದರು. "ಮೇಡಂ, ಅಷ್ಟಕ್ಕೆಲ್ಲ ಯಾಕೆ ಬೇಜಾರು? ನೀವೂ ಸುಮ್ನೆ ನಿಂತಿದ್ರಿ, ಇವಳೂ ನಿಂತಿದ್ಲು. ಡ್ಯೂಟಿ ತಾನೆ? ಅದ್ರಲ್ಲಿ ತಪ್ಪೇನು?"

ಕೊನೆಯ ಸಾಲಿನಲ್ಲಿ ಶ್ರೀಜಾ ಎದ್ದು ನಿಂತಳು. "ಅಮ್ಮಾ, ಡಿಡ್ ಯು ಹಿಟ್ ಹರ್?"

ರಾಜೀವಿ ಇಲ್ಲ ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಗಂಡನಿಗೂ ಆ ಮಾತು ಹೇಳಿರಲಿಲ್ಲ. ಎದುರಿಗಿದ್ದವರು ಇನ್ನೂರು ಜನ, ಎಲ್ಲರೂ ನಾಳೆ ಹೋಟೆಲಿನಲ್ಲಿ ಮುಖ ನೋಡಬೇಕಾದವರು. ಆದರೆ ಕೇಳಿದವಳು ಮಗಳು, ನಾಲ್ಕು ತಿಂಗಳಲ್ಲಿ ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು.

"ಹೊಡೆದೆ," ಎಂದಳು. "ಮೊಣಕೈ ಮುರೀತು. ಆ ಕೈಯಲ್ಲಿ ಅವಳು ಮತ್ತೆ ಮೀನಿನ ಬುಟ್ಟಿ ಎತ್ತಲಿಲ್ಲ."

ರಾಜೀವಿ ಬಾಲಕೃಷ್ಣರ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. "ಹೊಡೆದ ನಾನು ಶಾಲು ಹೊದ್ದೆ ಮಾರಾಯ್ರೆ. ಹೊಡೆಯದವಳು ಬೇಡ ಅಂತಿದ್ದಾಳೆ. ನಾಚಿಕೆಯಿಂದ ಅಲ್ಲ, ಬೇಡ ಅಂದ್ರೆ ಬೇಡ. ಅದನ್ನು ಮಡಚಿ ಒಳಗಿಡಿ."

ಅವಳು ಇಳಿದು ಬರುವಾಗ ಚಪ್ಪಾಳೆ ಬೀಳಲಿಲ್ಲ. ಜಯರಾಮ ನೆಲ ನೋಡುತ್ತ ಕುಳಿತಿದ್ದ. ಶ್ರೀಜಾ ಓಡಿ ಬಂದು ಅಪ್ಪಿಕೊಳ್ಳಲೂ ಇಲ್ಲ. ಹೆತ್ತ ತಾಯಿ ಒಬ್ಬಳ ಕೈ ಮುರಿದವಳು ಎಂಬುದು ಸಣ್ಣ ಮಾತೇ? ಆದರೆ ಅವಳು ಸಭಾಂಗಣದ ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಬಾ ಅಮ್ಮ, ಹೋಗೋಣ," ಎಂದಳು.